ಅಡಿಕೆ ಮಂಡಿಯ ಪಟ್ಟಿ: ತಾರೀಖಿಗೆ ರೂಪ ಕೊಡುವುದು ಸರ್ವರ್‌ನಲ್ಲೋ, ಗ್ರಿಡ್‌ನಲ್ಲೋ?

ಶಿವಮೊಗ್ಗದ ಅಡಿಕೆ ಮಂಡಿಯೊಂದರ ಆವಕದ ಪಟ್ಟಿ ಬ್ರೌಸರ್‌ನಲ್ಲಿ ಗ್ರಿಡ್ ಆಗಿ (ಸಾಲು, ಕಾಲಂಗಳ ಕೋಷ್ಟಕವಾಗಿ) ಕಾಣಬೇಕು ಅಂದುಕೊಳ್ಳಿ. ತಾರೀಖು 02-01-2025 ಅಂತ ಇರಬೇಕು. ಬೆಳೆಗಾರರ ಹೆಸರು, ಊರು ಒಂದೇ ಕಾಲಂನಲ್ಲಿ ಬರಬೇಕು.

ಸರ್ವರ್‌ನಲ್ಲೇ ತಾರೀಖನ್ನು ಈ ರೂಪದ ಪಠ್ಯ ಮಾಡಿ ಕಳಿಸುವುದು ಸಲೀಸು. ಆದರೆ ಹಳೆಯದು ಮೇಲೆ ಬರಲೆಂದು ಸಾರ್ಟ್ ಒತ್ತಿದ ಕೂಡಲೇ ಬಣ್ಣ ಬಯಲು: ಗ್ರಿಡ್ ಅದನ್ನು ಬರೀ ಅಕ್ಷರವಾಗಿ ಓದಿ 02-01-2025ನ್ನು ಮೇಲಿಟ್ಟು, 28-12-2024ನ್ನು ಅದರ ಕೆಳಗಿಡುತ್ತದೆ. ಪ್ರಿಂಟ್ ತೆಗೆಯಲು ಸಾಕು, ಅಷ್ಟೆ.

ಎಜಿ ಗ್ರಿಡ್‌ನಂಥ ಗ್ರಿಡ್ ಲೈಬ್ರರಿಯಲ್ಲಿ ವ್ಯಾಲ್ಯೂ ಫಾರ್ಮ್ಯಾಟರ್ ಎಂಬ ಫಂಕ್ಷನ್ ಕಾಣುವ ರೂಪವನ್ನಷ್ಟೇ ಬದಲಿಸುತ್ತದೆ. ಒಳಗಿನ ಡೇಟ್ ಹಾಗೇ ಇರುವುದರಿಂದ ಸಾರ್ಟ್ ಕೆಡುವುದಿಲ್ಲ. ಹೆಸರು, ಊರು ಜೋಡಿಸಲು ಮಾತ್ರ, ಕಾಲಂನ ಒಳಗಿನ ಮೌಲ್ಯವನ್ನೇ ತಯಾರಿಸುವ ವ್ಯಾಲ್ಯೂ ಗೆಟರ್ ಬಳಸಿ. ಆಗಲೇ ‘ತೀರ್ಥಹಳ್ಳಿ’ ಅಂತ ಫಿಲ್ಟರ್ ಹಾಕಿದರೆ ಆ ಊರಿನ ಸಾಲುಗಳು ಸಿಗುವುದು. ತೂಕಕ್ಕೆ ‘ಕೆಜಿ’ ಅಂಟಿಸಲು ಮತ್ತೆ ಫಾರ್ಮ್ಯಾಟರ್ರೇ ಸರಿ. ಗೆಟರ್‌ನಲ್ಲಿ ಅಂಟಿಸಿದರೆ ಅಂಕಿ ಹೋಗಿ ಪಠ್ಯವಾಗಿ, ಒಟ್ಟು ತೂಕ ಕೂಡಲು ಬರುವುದಿಲ್ಲ. ಮಂಡಿಯ ಗುಮಾಸ್ತರು ಸುಮ್ಮನಿರುತ್ತಾರಾ?

ಫಾರ್ಮ್ಯಾಟರ್‌ನಲ್ಲೂ ಒಂದು ಗುಂಡಿ ಇದೆ. ನಮ್ಮ ಮಧ್ಯರಾತ್ರಿಯ ಡೇಟ್‌ಗೆ ಅದನ್ನು ಯುಟಿಸಿ (ವಿಶ್ವ ಪ್ರಮಾಣ ಸಮಯ) ಲೆಕ್ಕದ ಪಠ್ಯವಾಗಿಸುವ ಜಾವಾಸ್ಕ್ರಿಪ್ಟ್‌ನ ‘ಟು ಐಎಸ್‌ಒ ಸ್ಟ್ರಿಂಗ್’ ಹಾಕಿ ಮೊದಲ 10 ಅಕ್ಷರ ಕತ್ತರಿಸಿದರೆ ಜನವರಿ 2 ಹೋಗಿ ಜನವರಿ 1 ಆಗುತ್ತದೆ. ಯುಟಿಸಿ ನಮಗಿಂತ ಐದೂವರೆ ಗಂಟೆ ಹಿಂದೆ. ಅದರ ಬದಲು, ತಾರೀಖಿಗೆ ರೂಪ ಕೊಡುವ ಜಾವಾಸ್ಕ್ರಿಪ್ಟ್‌ನದೇ ‘ಇಂಟ್ಲ್ ಡೇಟ್‌ಟೈಮ್ ಫಾರ್ಮ್ಯಾಟ್’ಗೆ ಭಾರತದ ಟೈಮ್‌ಝೋನ್ ಕೊಟ್ಟರೆ ಈ ಕಾಟವಿಲ್ಲ. ಕನ್ನಡದ ಲೊಕೇಲ್ (ಭಾಷೆ-ಪ್ರದೇಶದ ಸೂಚನೆ) ಕೊಟ್ಟು, ತಿಂಗಳನ್ನು ಹೆಸರಿನಲ್ಲಿ ತೋರಿಸು ಅಂದರೆ ಆ ಹೆಸರೂ ಕನ್ನಡದಲ್ಲೇ ಬರುತ್ತದೆ.

ನನ್ನ ಓಟು ಗ್ರಿಡ್‌ಗೆ. ಸರ್ವರ್‌ನಿಂದ ತಾರೀಖು 2025-01-02 ರೂಪದಲ್ಲಿ ಬರಲಿ. ಅದನ್ನು ಅಕ್ಷರವಾಗಿ ಸಾರ್ಟ್ ಮಾಡಿದರೂ ಕ್ರಮ ತಪ್ಪುವುದಿಲ್ಲ.