ಮನೆಯಲ್ಲಿ ಉಳಿದ ಕಣ್ಣಿನ ಔಷಧಿಯನ್ನು ದನಕ್ಕೂ ಹಾಕಬೇಡಿ, ನೀವೂ ಹಾಕಿಕೊಳ್ಳಬೇಡಿ

ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಮಾವಿನ ತೋಪು ವರ್ಷಕ್ಕೊಮ್ಮೆ ಕೈ ಹಿಡಿಯುತ್ತದೆ. ಉಳಿದಂತೆ ಮನೆ ನಡೆಯುವುದು ಡೇರಿಯ ಹಾಲಿನ ಬಟವಾಡೆಯಿಂದ. ಕಳೆದ ಬೇಸಿಗೆಯಲ್ಲಿ ನಮ್ಮ ಕಡಸಿನ ಒಂದು ಕಣ್ಣು ಹೋಯಿತು, ನನ್ನ ಬಲಗಣ್ಣೂ ಹೋಗುವುದರಲ್ಲಿತ್ತು. ಎರಡೂ ಕಣ್ಣುಗಳನ್ನು ಕೆಡಿಸಿದ್ದು ಒಂದೇ ಸೀಸೆಯ ಔಷಧಿ.

ಕಡಸು ಕೊಟ್ಟಿಗೆಯ ಗೋಡೆಗೆ ಮುಖ ಮಾಡಿ ನಿಂತಿತ್ತು. ಎಡಗಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಿತ್ತು, ಕೆನ್ನೆಯ ಉದ್ದಕ್ಕೂ ನೀರು ಇಳಿದು ಕೂದಲು ಅಂಟಿಕೊಂಡಿತ್ತು, ಆ ಒದ್ದೆಯ ಗೆರೆಯ ಮೇಲೆ ನೊಣಗಳು ಸಾಲಾಗಿ ಕೂತಿದ್ದವು. ಉಪ್ಪು ಅಗಿದು ಅದರ ಕಣ್ಣಿಗೆ ಉಗುಳಿದರೆ ಸರಿಹೋಗುತ್ತದೆ ಎಂದು ಊರಿನ ಹಿರಿಯರೊಬ್ಬರು ಹೇಳಿದರು. ಅದು ಬೇಡವೆನಿಸಿ, ಅಮ್ಮನ ಕಣ್ಣಿನ ಪೊರೆಯ ಆಪರೇಷನ್ ನಂತರ ಉಳಿದಿದ್ದ ಹನಿ ಔಷಧಿಯನ್ನು ಹಾಕಿದೆ. ನಾನು ಮಾಡಿದ್ದೇ ಜಾಣತನ ಎಂದುಕೊಂಡಿದ್ದೆ.

ಮೂರು ದಿನಗಳಲ್ಲಿ ಕೆಂಪು ಇಳಿಯಿತು. ನಂಬಿಕೆ ಬಂದದ್ದೇ ಆ ಕಾರಣಕ್ಕೆ. ಮರುದಿನ ಬಣವೆಯಿಂದ ರಾಗಿ ಹುಲ್ಲು ಎಳೆಯುವಾಗ ಒಂದು ಕಡ್ಡಿ ನನ್ನ ಬಲಗಣ್ಣಿಗೆ ಚುಚ್ಚಿತು. ರಾತ್ರಿಯ ಹೊತ್ತಿಗೆ ಕಣ್ಣು ಕೆಂಪಾಗಿ ಗೀಜು ಕಟ್ಟಿತು. ಕಡಸಿನ ರೆಪ್ಪೆಗೆ ತಗುಲಿದ್ದ ಅದೇ ಸೀಸೆಯ ಮೂತಿಯಿಂದ ನನ್ನ ಕಣ್ಣಿಗೂ ಹನಿ ಬಿಟ್ಟುಕೊಂಡೆ. ಉರಿ ಕಡಿಮೆಯಾಯಿತು, ಆದರೆ ದೃಷ್ಟಿ ಮಂಜಾಗುತ್ತಾ ಹೋಯಿತು. ಅಷ್ಟರಲ್ಲಿ ಕಡಸಿನ ಕಣ್ಣಿನ ನಡುವೆ ಬಿಳಿ ಕಲೆಯಂತೆ ಹೂ ಬಿದ್ದಿತ್ತು.

ಆಗ ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿದೆವು. ಬಂದ ಪಶುವೈದ್ಯರು ಕಡಸಿನ ಕಣ್ಣಿಗೆ ಒಂದು ಬಣ್ಣ ಹಾಕಿ ನೋಡಿದರು. ಕರಿಗುಡ್ಡೆಯ ಮೇಲಿನ ಹುಣ್ಣು ಹಚ್ಚಗೆ ಹೊಳೆಯಿತು. ಈ ಬೇನೆ ಹೆಚ್ಚಾಗಿ ಮೊರಾಕ್ಸೆಲ್ಲಾ ಬೋವಿಸ್ ಎಂಬ ಬ್ಯಾಕ್ಟೀರಿಯಾದಿಂದ ಬರುತ್ತದೆ, ಬಿಸಿಲು, ಧೂಳು, ಹುಲ್ಲಿನ ಕಡ್ಡಿಗಳಿಂದ ಗಾಯವಾದ ಕಣ್ಣಿನಲ್ಲಿ ಅದು ಬೇಗ ನೆಲೆಯೂರುತ್ತದೆ, ಒಂದು ದನದಿಂದ ಇನ್ನೊಂದಕ್ಕೆ ಅದನ್ನು ನೊಣಗಳು ಒಯ್ಯುತ್ತವೆ ಎಂದು ವಿವರಿಸಿದರು. ನಂತರ ಸೀಸೆಯನ್ನು ಕೇಳಿ ಪಡೆದು ಓದಿದರು. ಅದರಲ್ಲಿ ಆಂಟಿಬಯೋಟಿಕ್ ಜೊತೆಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತು. ಆಪರೇಷನ್ ಆದ ಕಣ್ಣಿನ ಊತ ಇಳಿಸಲು ವೈದ್ಯರ ನಿಗಾದಲ್ಲಿ ಕೊಡುವ ಈ ಔಷಧಿ, ಹುಣ್ಣಾದ ಕಣ್ಣಿಗೆ ಬಿದ್ದರೆ ಸೋಂಕಿನ ವಿರುದ್ಧ ದೇಹ ನಡೆಸುವ ಹೋರಾಟವನ್ನೇ ಕುಗ್ಗಿಸುತ್ತದೆ. ಮೇಲೆ ಕೆಂಪು ಇಳಿದಂತೆ ಕಂಡರೂ ಒಳಗೆ ಹುಣ್ಣು ಆಳಕ್ಕೆ ಇಳಿಯುತ್ತದೆ. ಮಾತಾಡುತ್ತಲೇ ಅವರು ನನ್ನ ಕಣ್ಣನ್ನು ಗಮನಿಸಿ, ಅಂದೇ ಕಣ್ಣಾಸ್ಪತ್ರೆಗೆ ಹೋಗಲೇಬೇಕೆಂದು ಒತ್ತಾಯ ಮಾಡಿದರು. ನನ್ನ ಕಣ್ಣು ಉಳಿದದ್ದು ಆ ಒತ್ತಾಯದಿಂದ.

ಆಸ್ಪತ್ರೆಯಲ್ಲಿ ಹುಣ್ಣನ್ನು ಮೆಲ್ಲಗೆ ಕೆರೆದು ಪರೀಕ್ಷೆಗೆ ಕಳಿಸಿದರು. ದನದ ಈ ಕಣ್ಣುಬೇನೆಯ ರೋಗಾಣು ಸಾಮಾನ್ಯವಾಗಿ ಮನುಷ್ಯರಿಗೆ ಬರುವುದಿಲ್ಲ, ನಿಮಗೆ ಸೋಂಕು ತಗುಲಿದ್ದು ಕಡ್ಡಿಯ ಗಾಯದಿಂದ, ಹೊಲಸಾದ ಸೀಸೆ ಅದಕ್ಕೆ ಇನ್ನಷ್ಟು ದಾರಿ ಮಾಡಿರಬಹುದು ಎಂದರು. ಹುಲ್ಲು, ಕಡ್ಡಿ, ಎಲೆ ತಗುಲಿದ ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣೂ ಆಗಬಹುದು. ಆಗ ಸ್ಟೀರಾಯ್ಡ್ ಇನ್ನೂ ಅಪಾಯಕಾರಿ. ಮೊದಲ ಎರಡು ದಿನ ರಾತ್ರಿಯೂ ಗಂಟೆಗೊಮ್ಮೆ ಎದ್ದು ಹನಿ ಹಾಕಿಸಿಕೊಂಡೆ. ಹುಣ್ಣು ಮಾಯಿತು, ಕಲೆ ಉಳಿಯಿತು. ಈಗಲೂ ರಾತ್ರಿ ಎದುರು ಬರುವ ವಾಹನದ ಬೆಳಕು ಆ ಕಣ್ಣಿಗೆ ಚದುರಿದಂತೆ ಕಾಣುತ್ತದೆ.

ದಯವಿಟ್ಟು ನಿಮ್ಮ ಮನೆಯಲ್ಲಿರುವ ಸೀಸೆಗಳನ್ನು ಇಂದೇ ತೆಗೆದು ಓದಿ. ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್, ಬೀಟಾಮೆಥಾಸೋನ್ ಎಂದಿದ್ದರೆ ಅವು ಸ್ಟೀರಾಯ್ಡ್‌ಗಳು. ಸೀಸೆಯ ಮುಚ್ಚಳ ತೆರೆದು ತಿಂಗಳಾಗಿದ್ದರೆ, ಯಾವ ಔಷಧಿಯೇ ಆಗಿರಲಿ, ಎಸೆಯಿರಿ. ಮೆಡಿಕಲ್ ಶಾಪಿನಲ್ಲಿ ಕಣ್ಣು ಕೆಂಪಾಗಿದೆ ಎಂದಷ್ಟೇ ಹೇಳಿ ಹನಿ ತರಬೇಡಿ.

ನಮ್ಮ ಕೊಟ್ಟಿಗೆಯ ಇನ್ನೆರಡು ಹಸುಗಳಿಗೂ ಕಣ್ಣಲ್ಲಿ ನೀರು ಸುರಿಯಲು ಶುರುವಾಗಿತ್ತು. ಪಶುವೈದ್ಯರು ಅವುಗಳಿಗೆ ಆಕ್ಸಿಟೆಟ್ರಾಸೈಕ್ಲಿನ್ ಚುಚ್ಚುಮದ್ದು ಕೊಟ್ಟರು. ಅವನ್ನು ಬೇರೆ ಕಡೆ ನೆರಳಿನಲ್ಲಿ ಕಟ್ಟಿದೆವು, ಕೊಟ್ಟಿಗೆಗೆ ಅಂಟಿಕೊಂಡಿದ್ದ ತಿಪ್ಪೆಯನ್ನು ದೂರಕ್ಕೆ ಸಾಗಿಸಿದೆವು, ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಡೇರಿಗೆ ಹಾಕಲಿಲ್ಲ. ಎರಡರ ಕಣ್ಣೂ ತಿಳಿಯಾದವು. ಕಡಸಿನ ಎಡಗಣ್ಣು ಮಾತ್ರ ಬೆಳ್ಳಗೇ ಉಳಿದಿದೆ. ಆ ಬದಿಯಿಂದ ಹತ್ತಿರ ಹೋದರೆ ಬೆಚ್ಚುತ್ತದೆಂದು ಅಮ್ಮ ದೂರದಿಂದಲೇ ಅದನ್ನು ಮಾತಾಡಿಸುತ್ತಾ ಹೋಗುತ್ತಾರೆ.