ಕಾಫಿ ಕುಡಿದ ಮುಳ್ಳುಗಳು: ನಾನೇ ಮುದಿಗೊಳಿಸಿದ ವಾಚಿನ ಜೊತೆ ಮೂರು ವರ್ಷ

ಮೂರು ವರ್ಷಗಳಿಂದ ನನ್ನ ಎಡಗೈ ಮೇಲಿರುವ ಈ ವಾಚು ನೋಡಿದವರಿಗೆ ಅರವತ್ತು ವರ್ಷ ಹಳೆಯದೆಂದು ತೋರುತ್ತದೆ. ಉಳಿದ ಐವತ್ತೇಳು ವರ್ಷಗಳನ್ನು ನಾನು ಎರಡು ವಾರಾಂತ್ಯಗಳಲ್ಲಿ ಅಡುಗೆಮನೆಯ ಮೇಜಿನ ಮೇಲೆ ಸೇರಿಸಿದೆ. ಇದು 1950ರ ದಶಕದ ಡೈವರ್ ವಾಚುಗಳ (ನೀರಿನಲ್ಲಿ ಮುಳುಗುವವರ ವಾಚುಗಳ) ರೂಪವನ್ನು ಅನುಸರಿಸಿ ತಯಾರಾದ ಪ್ರತಿಕೃತಿ; ಡಯಲ್ ಮೇಲೆ ಯಾವ ದೊಡ್ಡ ಕಂಪನಿಯ ಹೆಸರೂ ಇಲ್ಲ, ನಾನೂ ಬರೆಸಿಲ್ಲ, ಕೇಳಿದವರಿಗೆ ಅಸಲಿ ಎಂದು ಹೇಳುವುದೂ ಇಲ್ಲ. ಆ ಕಾಲದ ರೋಲೆಕ್ಸ್ ಸಬ್‌ಮರೀನರ್ ಆಗಲಿ, ಬ್ಲಾಂಕ್‌ಪೇನ್ ಫಿಫ್ಟಿ ಫ್ಯಾದಮ್ಸ್ ಆಗಲಿ ನನ್ನ ಸಂಬಳದ ಆಸುಪಾಸಿನಲ್ಲಿ ಸುಳಿಯುವ ವಸ್ತುಗಳಲ್ಲ, ಸುಳಿದರೂ ಅವನ್ನು ಕಟ್ಟಿಕೊಂಡು ತುಂಬಿದ ಬಸ್ಸಿನಲ್ಲಿ ನಿಲ್ಲುವ ಧೈರ್ಯ ನನಗಿಲ್ಲ. ಅಳತೆ, ದಪ್ಪ, ನೀರಿನ ಆಳದ ಮಿತಿ ಇವನ್ನೆಲ್ಲ ಇಲ್ಲಿ ಪಟ್ಟಿ ಮಾಡುವುದಿಲ್ಲ. ಕೊಂಡ ಮೇಲೆ ಏನಾಯಿತೆಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ಸಂತೋಷದ ವಿಷಯ. ಇದರ ಉಬ್ಬುಗಾಜು ಅಕ್ರಿಲಿಕ್ಕಿನದು, ಬಾಗಿಲ ಚಿಲಕ ತಗುಲಿದರೂ ಗೀರು ಬೀಳುವಷ್ಟು ಮೆದು. ಸುಲಭಕ್ಕೆ ಗೀರು ಬೀಳದ ಸಫೈರ್ ಗಾಜೇ ಬೇಕೆಂದು ಹಟ ಹಿಡಿಯುವವರಿಗೆ ಇದು ದೋಷ, ನನಗೆ ಮಾತ್ರ ಈ ವಾಚು ಕೊಟ್ಟಿರುವ ಅತಿ ದೊಡ್ಡ ಸುಖ. ಭಾನುವಾರ ಬೆಳಿಗ್ಗೆ ಗಾಜಿನ ಸುತ್ತಲ ಬಳೆಗೆ, ಅಂದರೆ ಬೆಝೆಲ್‌ಗೆ, ಕಾಗದದ ಟೇಪು ಅಂಟಿಸಿ, ಗಾಜಿನ ನೆತ್ತಿಯ ಮೇಲೆ ಅಕ್ರಿಲಿಕ್ ಗಾಜಿಗೆ ಹೊಳಪು ಕೊಡುವ ಪಾಲಿವಾಚ್ ಎಂಬ ಲೇಪವನ್ನು ಸಾಸಿವೆಯಷ್ಟು ಇಟ್ಟು, ಹಳೆಯ ಹತ್ತಿಬಟ್ಟೆಯ ತುಂಡನ್ನು ಬೆರಳಿಗೆ ಸುತ್ತಿಕೊಂಡು, ಗೀರುಗಳಿಗೆ ಅಡ್ಡಲಾಗಿ ಉಜ್ಜುತ್ತಾ ಕೂರುತ್ತೇನೆ. ಮೂರು ನಾಲ್ಕು ನಿಮಿಷಗಳಲ್ಲಿ ಬೆರಳ ತುದಿ ಬೆಚ್ಚಗಾಗುತ್ತದೆ, ಮಂಜು ಸರಿದಂತೆ ಡಯಲ್ ಮೇಲೆದ್ದು ಬರುತ್ತದೆ, ಓರೆಯಾಗಿ ಹಿಡಿದರೆ ನಿಮಿಷದ ಗೆರೆಗಳು ಗಾಜಿನ ಅಂಚಿನಲ್ಲಿ ಬಾಗಿ ನಿಲ್ಲುತ್ತವೆ. ಇಡೀ ವಾಚಿಗೆ ಬೇಕೆಂದೇ ಗಾಯ ಮಾಡಿದವನು ಗಾಜಿನ ಗೀರನ್ನು ಮಾತ್ರ ವಾರವಾರವೂ ಅಳಿಸುವುದೇಕೆಂದು ಮನೆಯವರು ಕೇಳಿದ್ದುಂಟು. ನಾನಿನ್ನೂ ಉತ್ತರ ಹುಡುಕುತ್ತಿದ್ದೇನೆ.

ಬೆಝೆಲ್ಲಿನ ಕಪ್ಪು ಬಳೆಯ ಕೆಲಸವೂ ನನಗೆ ಒಲಿಯಿತು, ಎರಡನೆಯ ಸಲ. ಅದು ಅನೊಡೈಸ್ ಮಾಡಿದ, ಎಂದರೆ ವಿದ್ಯುತ್ತಿನಿಂದ ಮೇಲೆ ಗಟ್ಟಿ ಪದರ ಬೆಳೆಸಿದ, ಅಲ್ಯುಮಿನಿಯಂ. ಮೇಲ್ಪದರದ ಸೂಕ್ಷ್ಮ ರಂಧ್ರಗಳಲ್ಲಿ ಬಣ್ಣ ಕುಳಿತಿರುತ್ತದೆ. ಹಳೆಯ ವಾಚುಗಳಲ್ಲಿ ದಶಕಗಳ ಬಿಸಿಲು ಮಾಡಿದ ಕೆಲಸವನ್ನು ಮನೆಯಲ್ಲಿ ಬಟ್ಟೆಗೆ ಹಾಕುವ ಬ್ಲೀಚ್ ಕೆಲವೇ ನಿಮಿಷಗಳಲ್ಲಿ ಮಾಡುತ್ತದೆ. ಮೊದಲ ಬಳೆಯನ್ನು ನೀರು ಬೆರೆಸದ ಬ್ಲೀಚಿನಲ್ಲಿ ಮುಳುಗಿಸಿ, ಫೋನಿನಲ್ಲಿ ಮಾತು ಮುಗಿಸಿ ಬರುವಷ್ಟರಲ್ಲಿ, ಬಟ್ಟಲಿನಲ್ಲಿ ಅಂಕೆಗಳೂ ಕಾಣದ ಬೋಳು ತಗಡು ಉಳಿದಿತ್ತು. ಎರಡನೆಯದಕ್ಕೆ ಅರ್ಧ ನೀರು ಬೆರೆಸಿ, ನಿಮಿಷಕ್ಕೊಮ್ಮೆ ಎತ್ತಿ ತೊಳೆದು ಬೆಳಕಿಗೆ ಹಿಡಿದು ನೋಡಿ, ಕಪ್ಪು ಬೂದುಬಣ್ಣಕ್ಕೆ ತಿರುಗಿದಲ್ಲಿಗೆ ನಿಲ್ಲಿಸಿದೆ. ಕಿಟಕಿ ತೆರೆದಿರಲಿ, ಕೈಗವಸು ಇರಲಿ, ಬ್ಲೀಚಿಗೆ ವಿನಿಗರ್ ಆಗಲಿ ಬೇರಾವ ಆಮ್ಲವಾಗಲಿ ಸೋಕದಿರಲಿ. ಸೋಕಿದರೆ ಏಳುವುದು ವಿಷಕಾರಿ ಕ್ಲೋರಿನ್ ಅನಿಲ.

ಉಕ್ಕಿನ ಕೇಸ್ ಬಗ್ಗೆ ಹೆಚ್ಚು ಹೇಳಲಾರೆ. 316ಎಲ್ ಎಂಬ ತುಕ್ಕುರಹಿತ ಉಕ್ಕು ಹಿತ್ತಾಳೆಯಂತೆ ಬಣ್ಣ ಕಟ್ಟುವುದಿಲ್ಲ, ಕಂಚಿನಂತೆ ಹಸಿರಾಗುವುದಿಲ್ಲ. ಅದರ ಮೇಲೆ ಮಾಡಬಹುದಾದದ್ದು ಅಂಚುಗಳನ್ನು ಉಜ್ಜಿ ಮೊಂಡಾಗಿಸುವುದು ಮತ್ತು ಗೀರು ಹಾಕುವುದು, ಅಷ್ಟೇ. ಯಂತ್ರವನ್ನು ಹೊರತೆಗೆದು, ಖಾಲಿ ಕೇಸನ್ನು ಬೀಗದ ಕೈಗಳ ಜೊತೆ ಡಬ್ಬಿಯಲ್ಲಿ ಹಾಕಿ ಕುಲುಕಿದೆ. ಆಗ ಬಿದ್ದ ಗಾಯಗಳು ಎಲ್ಲ ಕಡೆಗೂ ಸಮನಾಗಿ ಹಂಚಿಹೋಗಿವೆ. ಆಮೇಲಿನ ಮೂರು ವರ್ಷಗಳಲ್ಲಿ ತಾವಾಗಿಯೇ ಬಿದ್ದ ಗೀರುಗಳಾದರೋ ಬರೆಯುವಾಗ ಮೇಜಿಗೆ ಉಜ್ಜುವ ಕೊಂಡಿಯ ಮೇಲೆ, ಪಟ್ಟಿ ಬದಲಿಸುವಾಗ ಉಪಕರಣ ಜಾರುವ ಲಗ್ಗುಗಳ (ಪಟ್ಟಿಯನ್ನು ಹಿಡಿಯುವ ಕೇಸಿನ ಕೊಂಬುಗಳ) ಒಳಬದಿಯಲ್ಲಿ ಗುಂಪುಗೂಡಿವೆ. ಭೂತಗನ್ನಡಿ ಹಿಡಿದವರಿಗೆ ನನ್ನ ಕೈವಾಡ ತಕ್ಷಣ ಗೊತ್ತಾಗುತ್ತದೆ.

ಇನ್ನು ಈ ಬರಹಕ್ಕೆ ಕಾರಣವಾದ ಸಂಗತಿ: ಮುಳ್ಳುಗಳ ಮೇಲಿನ ಮಿನುಗುಬಣ್ಣ. ಕತ್ತಲಲ್ಲಿ ಮಿನುಗುವುದನ್ನೆಲ್ಲ ನಾವು ರೇಡಿಯಂ ಎಂದೇ ಕರೆದುಬಿಡುತ್ತೇವೆ, ಒಂದು ಕಾಲಕ್ಕೆ ಅದು ನಿಜವೂ ಆಗಿತ್ತು. 1960ರ ದಶಕದ ಆರಂಭದವರೆಗೆ ವಾಚುಗಳಲ್ಲಿ ರೇಡಿಯಂ ಬಳಕೆಯಲ್ಲಿತ್ತು, ನಂತರ ಟ್ರಿಟಿಯಂ (ವಿಕಿರಣ ಸೂಸುವ ಜಲಜನಕ) ಬಂದಿತು. ರೇಡಿಯಮ್ಮಿನ ಅರ್ಧಾಯುಷ್ಯ, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 1600 ವರ್ಷ, ಆದರೆ ಅದರ ವಿಕಿರಣವು ಜೊತೆಗಿರುವ, ಬೆಳಕು ಕೊಡುವ ಜಿಂಕ್ ಸಲ್ಫೈಡ್ ಪುಡಿಯನ್ನು ಕೆಲವೇ ದಶಕಗಳಲ್ಲಿ ಹಾಳುಮಾಡುತ್ತದೆ. ಟ್ರಿಟಿಯಮ್ಮಿನದು ಕೇವಲ 12.3 ವರ್ಷ, ಹಾಗಾಗಿ ಅರವತ್ತು ವರ್ಷಗಳಲ್ಲಿ ಅದು ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಎರಡೂ ಕಂದು ಅಥವಾ ಕೆನೆಬಣ್ಣಕ್ಕೆ ತಿರುಗಿ, ಕತ್ತಲಲ್ಲಿ ಸುಮ್ಮನಿರುತ್ತವೆ. ನನ್ನ ವಾಚಿನಲ್ಲಿದ್ದುದು ಈಗಿನ ಸ್ಟ್ರಾಂಷಿಯಂ ಅಲ್ಯುಮಿನೇಟ್, ಬೆಳಕು ಕುಡಿದು ಕತ್ತಲಲ್ಲಿ ಹೊಮ್ಮಿಸುವ ಪುಡಿ. ಹಗಲಲ್ಲಿ ಸುಣ್ಣದಂತೆ ಬಿಳಿ, ದೀಪ ಆರಿಸಿದರೆ ಗಾಢ ಹಸಿರು. ಮುಖ ಮುಪ್ಪಾಗಿ ಕಣ್ಣು ಮಾತ್ರ ಹದಿನೆಂಟರದಾಗಿ ಉಳಿದಂತಿತ್ತು.

ವಾಚನ್ನು ಮುದಿಗೊಳಿಸುವವರೆಲ್ಲ ಮಾಡುವುದನ್ನೇ ನಾನೂ ಮಾಡಿದೆ. ಮುಳ್ಳುಗಳನ್ನು ಕಿತ್ತು ಗಟ್ಟಿ ಕಾಫಿಯಲ್ಲಿ ರಾತ್ರಿಯಿಡೀ ನೆನೆಸಿ, ಡಯಲ್ಲಿನ ಚುಕ್ಕೆಗಳಿಗೆ ಅದೇ ಕಾಫಿಯನ್ನು ಸಣ್ಣ ಕುಂಚದಿಂದ ಮೂರು ಸಲ ಹಚ್ಚಿ, ಮುಳ್ಳುಗಳನ್ನು ಓವನ್ನಿನ ಸಣ್ಣ ಬಿಸಿಯಲ್ಲಿ ಒಣಗಿಸಿದೆ. ತಿರುಗಿ ಕೂರಿಸುವುದು ಪರೀಕ್ಷೆಯೇ ಸರಿ: ಈ ಯಂತ್ರದ (ಸೀಕೋದ ಎನ್‌ಎಚ್35) ಗಂಟೆಮುಳ್ಳಿನ ರಂಧ್ರ 1.5 ಮಿಲಿಮೀಟರ್, ನಿಮಿಷದ್ದು 0.9, ಸೆಕೆಂಡಿನದು 0.2, ಆ ಕೊನೆಯದನ್ನು ಕೂರಿಸುವಾಗ ಉಸಿರು ಬಿಟ್ಟರೂ ಮುಳ್ಳು ಹಾರುತ್ತದೆ. ಫಲಿತಾಂಶ ಮಾತ್ರ ನನ್ನ ನಿರೀಕ್ಷೆಯನ್ನು ಮೀರಿತು. ಜೇನುಬಣ್ಣದ ಚುಕ್ಕೆಗಳು, ಅದಕ್ಕೊಪ್ಪುವ ಮುಳ್ಳುಗಳು. ಅಷ್ಟೇ ಅಲ್ಲದೆ ಕತ್ತಲಲ್ಲಿನ ಹಸಿರು ಕೂಡ ಮಂಕಾಗಿತ್ತು. ಹಳೆಯ ವಾಚಿಗೆ ಇದೇ ಲಕ್ಷಣವೆಂದು ಬೀಗಿದೆ.

ಅದು ರೋಗದ ಮುನ್ಸೂಚನೆಯೆಂದು ಆಗ ನನಗೆ ಹೊಳೆಯಲಿಲ್ಲ. ರಕ್ಷಣೆಯ ಲೇಪವಿಲ್ಲದ ಸ್ಟ್ರಾಂಷಿಯಂ ಅಲ್ಯುಮಿನೇಟಿಗೆ ನೀರು ಶತ್ರು; ನೀರು ತಾಗಿದರೆ ಅದು ಒಡೆದು ಹೊಳಪು ಕಳೆದುಕೊಳ್ಳುತ್ತದೆ. ಕಾಫಿ ಎಂದರೆ ಬಣ್ಣ ಹಾಕಿದ ನೀರೇ ತಾನೆ? ಇದರ ಮೇಲೆ ಓವನ್ನಿನ ಬಿಸಿ ಪುಡಿಯನ್ನು ಹಿಡಿದಿಟ್ಟ ಅಂಟನ್ನು ಪೆಡಸಾಗಿಸಿತ್ತು. ಡಯಲ್ ಮೇಲಿನ ಚುಕ್ಕೆಗಳಿಗಾದರೆ ಕೆಳಗೆ ತಗಡಿನ ಆಸರೆಯಿದೆ. ಮುಳ್ಳಿನ ನಡುವೆ ಕೊರೆದ ಕಿಂಡಿಯಲ್ಲಿ ಬಣ್ಣವು ಅಂಚುಗಳನ್ನು ಹಿಡಿದು ನೇತಾಡುತ್ತಿರುತ್ತದೆ, ಹಿಂದೆ ಏನೂ ಇಲ್ಲ. ಒಂದು ವರ್ಷ ಎಂಟು ತಿಂಗಳಾದ ಮೇಲೆ ಒಂದು ದಿನ ವಾಚು ನಿಂತಿತು. ಕೀಲಿ ಕೊಟ್ಟೆ, ಅಲುಗಾಡಿಸಿದೆ, ಸೆಕೆಂಡಿನ ಮುಳ್ಳು ಎರಡು ಹೆಜ್ಜೆಯಿಟ್ಟು ಮತ್ತೆ ನಿಂತಿತು. ಭೂತಗನ್ನಡಿಯಲ್ಲಿ ನೋಡಿದರೆ ನಿಮಿಷದ ಮುಳ್ಳಿನ ಬಣ್ಣ ಅರ್ಧ ಉದುರಿತ್ತು. ಒಂದು ಚೂರು ಎರಡು ಮುಳ್ಳುಗಳ ನಡುವೆ ಸಿಕ್ಕಿಕೊಂಡಿತ್ತು, ಉಳಿದದ್ದು ಪುಡಿಯಾಗಿ ಡಯಲ್ಲಿನ ನಡುರಂಧ್ರದ ಸುತ್ತ ಹರಡಿತ್ತು. ಅಸಲಿ ಹಳೆಯ ಮುಳ್ಳುಗಳೂ ಹೀಗೆಯೇ ಉದುರುತ್ತವೆಂದು ಗೆಳೆಯರೊಬ್ಬರು ಸಮಾಧಾನ ಹೇಳಿದರು. ಆ ಸಮಾಧಾನದಿಂದ ವಾಚು ನಡೆಯಲಿಲ್ಲ.

ಪುಡಿ ಯಂತ್ರದೊಳಕ್ಕೆ ಇಳಿದಿತ್ತು. ಎನ್‌ಎಚ್35ರ ವಿಷಯದಲ್ಲಿ ಕಹಿಯಾದ ಸತ್ಯವೆಂದರೆ, ಬಿಚ್ಚಿ ತೊಳೆದು ಎಣ್ಣೆ ಹಾಕಿಸುವ ಖರ್ಚಿನಲ್ಲಿ ಹೊಸ ಯಂತ್ರವೇ ಬರುತ್ತದೆ. ಹೊಸದನ್ನೇ ಹಾಕಿದೆ. ಮುಳ್ಳುಗಳನ್ನೂ ಬದಲಿಸಿದೆ, ತಯಾರಿಸುವಾಗಲೇ ಪುಡಿಗೆ ಕೆನೆಬಣ್ಣ ಬೆರೆಸಿದ ಮುಳ್ಳುಗಳು ಸಿದ್ಧವಾಗಿಯೇ ಸಿಗುತ್ತವೆ, ಕಾಫಿಯ ಹಂಗು ಬೇಕಿಲ್ಲ. ಮೊದಲೇ ಅವನ್ನು ಕೊಂಡಿದ್ದರೆ ಒಂದು ಯಂತ್ರದ ಹಣ ಉಳಿಯುತ್ತಿತ್ತು. ಈ ರಿಪೇರಿಯಲ್ಲಿ ಕ್ರೌನನ್ನು (ಕೀಲಿ ಕೊಡುವ ಗುಬ್ಬಿ) ಹೊರಗೆಳೆಯುವಾಗ ನಡುವೆ ಬರುವ, ತಾರೀಖು ಬದಲಿಸುವ ಕ್ಲಿಕ್ಕನ್ನೂ ಹೋಗಲಾಡಿಸಬಹುದಿತ್ತು: ಡಯಲ್ಲಿಗೆ ತಾರೀಖಿನ ಕಿಂಡಿಯಿಲ್ಲ, ಯಂತ್ರಕ್ಕೆ ತಾರೀಖಿದೆ, ಮಧ್ಯರಾತ್ರಿಯ ಹೊತ್ತಿಗೆ ಅದು ಯಾರಿಗೂ ಕಾಣದಂತೆ ದಿನ ಎಣಿಸುತ್ತದೆ. ತಾರೀಖಿಲ್ಲದ ಎನ್‌ಎಚ್38 ಹಾಕಿದ್ದರೆ ಅದು ಇರುತ್ತಿರಲಿಲ್ಲ. ಹಾಕಲಿಲ್ಲ, ಆ ಕುರುಡು ಲೆಕ್ಕದ ಮೇಲೆ ನನಗೆ ಮಮತೆ ಬೆಳೆದುಬಿಟ್ಟಿದೆ.

ವಾಚಿನ ಬಗ್ಗೆ ಕೇಳಿದರೆ, ಕೊಟ್ಟ ಹಣಕ್ಕೆ ಮೋಸವಿಲ್ಲ. ದೂರೆಲ್ಲ ನನ್ನ ಕೈಕೆಲಸದ ಮೇಲೆ. ಮಾಡಲೇಬೇಕೆನ್ನುವವರು ಬೆಝೆಲ್ಲಿನ ಮೇಲಷ್ಟೇ ಕೈಯಾಡಿಸಿ; ಮುಳ್ಳುಗಳನ್ನು ಸಿದ್ಧವಾಗಿಯೇ ಕೊಂಡುಕೊಳ್ಳಿ. ಹಿಂಬದಿಯ ಮುಚ್ಚಳ ತೆರೆದ ಮೇಲೆ ಒತ್ತಡ ಪರೀಕ್ಷೆ ಮಾಡಿಸದ ವಾಚನ್ನು ನೀರಿಗಿಳಿಸಬೇಡಿ, ನೀರು ತಡೆಯುವ ರಬ್ಬರ್ ಬಳೆಗೆ (ಗ್ಯಾಸ್ಕೆಟ್) ಸಿಲಿಕೋನ್ ಗ್ರೀಸ್ ಸವರಿದ್ದರೂ ಸರಿ. ನನ್ನ ಡಯಲ್ಲಿನ ಚುಕ್ಕೆಗಳು ಈಗಲೂ ಅದೇ ಹಳೆಯ ಕಾಫಿಯವು. ಕಳೆದ ಭಾನುವಾರ ಗಾಜು ಉಜ್ಜಿ ಮುಗಿಸಿ ಬೆಳಕಿಗೆ ಹಿಡಿದಾಗ ಎಂಟರ ಚುಕ್ಕೆಯ ಮೇಲೆ ಕೂದಲೆಳೆಯಷ್ಟು ಬಿರುಕು ಕಂಡಿತು. ಗಾಜಿನ ಮೇಲಿನ ಗೀರಿರಬಹುದೆಂದು ಇನ್ನೊಮ್ಮೆ ಉಜ್ಜಿ ನೋಡಿದೆ, ಹೋಗಲಿಲ್ಲ.