ಎಲಿಫೆಂಟಾನಾ ಕಾನ್ಹೇರಿನಾ, ಕಾರ್ಲಾನಾ ಭಾಜೆನಾ: ಸುತ್ತಿ ನೋಡಿದ ನಾಲ್ಕು ಗುಹೆಗಳು

ಊರಿನಿಂದ ಮುಂಬಯಿಗೆ ನೆಂಟರು ಬಂದರೆ ಗೇಟ್‌ವೇ, ಮರೀನ್ ಡ್ರೈವ್, ಸಿದ್ಧಿವಿನಾಯಕ ಮುಗಿದ ಮೇಲೆ ಬರುವ ಹೆಸರು ಎಲಿಫೆಂಟಾ. ಶಾಲೆಯ ಪಾಠದಲ್ಲಿ ಓದಿರುತ್ತಾರೆ, ತ್ರಿಮೂರ್ತಿಯ ಚಿತ್ರ ನೋಡಿರುತ್ತಾರೆ. ಕಾನ್ಹೇರಿಯ ಹೆಸರು ಹೇಳಿಕೊಂಡು ಬಂದವರು ಮಾತ್ರ ನನಗೆ ಇನ್ನೂ ಸಿಕ್ಕಿಲ್ಲ. ಬೊರಿವಲಿಯಲ್ಲೇ ವರ್ಷಗಟ್ಟಲೆ ಇರುವ ನಮ್ಮವರಲ್ಲೂ ಎಷ್ಟೋ ಮಂದಿ ನ್ಯಾಷನಲ್ ಪಾರ್ಕಿಗೆ ಬೆಳಗಿನ ವಾಕಿಂಗಿಗೆ ಹೋಗುತ್ತಾರೆ, ಗುಹೆಯ ತನಕ ಹೋಗಿರುವುದಿಲ್ಲ. ಈ ಎರಡನ್ನೂ, ಲೋಣಾವಳದ ಹತ್ತಿರದ ಕಾರ್ಲಾ ಮತ್ತು ಭಾಜೆಯನ್ನೂ ನಾನು ಮಳೆಯಲ್ಲಿ, ಬಿಸಿಲಿನಲ್ಲಿ, ಮಕ್ಕಳ ಜೊತೆ, ಮಂಡಿನೋವಿನ ಹಿರಿಯರ ಜೊತೆ ಸುತ್ತಿದ್ದೇನೆ. ಕೈಯಲ್ಲಿ ಒಂದೇ ದಿನ ಇದ್ದವರಿಗೆ ಕಾನ್ಹೇರಿ ಅಂತ ಹೇಳುತ್ತೇನೆ. ಎರಡು ದಿನ ಇದ್ದರೆ ಕಾನ್ಹೇರಿ ಮತ್ತು ಕಾರ್ಲಾ. ಎಲಿಫೆಂಟಾ ಅದರ ನಂತರ.

ಎಲಿಫೆಂಟಾದ ಶಿಲ್ಪ ಕಡಿಮೆಯೆಂದು ಯಾರೂ ತಿಳಿಯಬಾರದು. ನಾಲ್ಕು ಕಡೆಯ ಶಿಲ್ಪಗಳನ್ನು ಒಂದೆಡೆ ಇಟ್ಟು ನೋಡಿದರೆ ತ್ರಿಮೂರ್ತಿ ಎಂದು ಕರೆಯುವ ಆ ಮೂರು ಮುಖದ ಸದಾಶಿವನಿಗೆ ಸಾಟಿಯಿಲ್ಲ. ಸುಮಾರು ಐದೂವರೆ ಮೀಟರ್ ಎತ್ತರ, ಕಂಬಗಳ ಸಾಲು ದಾಟಿ ದಕ್ಷಿಣದ ಗೋಡೆಯ ಆಳದಲ್ಲಿ. ಮೊದಲು ಕಾಣುವುದು ನಡುವಿನ ಮುಖ, ಕಣ್ಣು ಮುಚ್ಚಿದ, ತುಟಿ ದಪ್ಪಗಿರುವ ಶಾಂತ ಮುಖ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನಮ್ಮ ಎಡಕ್ಕೆ ಹುಬ್ಬು ಗಂಟಿಕ್ಕಿದ ಉಗ್ರರೂಪಿ ಅಘೋರ, ಬಲಕ್ಕೆ ತಾವರೆ ಹಿಡಿದ ಉಮೆಯ ಮುಖ. ಬಾದಾಮಿಯ ಹದಿನೆಂಟು ಕೈಗಳ ನಟರಾಜನನ್ನು ನೋಡಿ ಬೆಳೆದ ನಮಗೆ ಇಲ್ಲಿಯ ಶಿವ ಬೇರೆಯೇ. ಅಲ್ಲಿ ಕುಣಿತ ಕಲ್ಲಿನಿಂದ ಹೊರಗೆ ಚಿಮ್ಮುತ್ತದೆ, ಇಲ್ಲಿ ಎಲ್ಲವೂ ಒಳಕ್ಕೆ ಸೆಳೆದುಕೊಂಡು ನಿಂತಿದೆ. 634ರ ಐಹೊಳೆ ಶಾಸನದಲ್ಲಿ ನಮ್ಮ ಇಮ್ಮಡಿ ಪುಲಕೇಶಿ ಹಡಗುಗಳಿಂದ ಮುತ್ತಿದ ಪಶ್ಚಿಮ ಸಮುದ್ರದ ಪುರಿಯ ಮಾತು ಬರುತ್ತದೆ. ಆ ಪುರಿ ಎಲಿಫೆಂಟಾ ಇರುವ ಇದೇ ಘಾರಾಪುರಿ ದ್ವೀಪ ಎನ್ನುವ ವಿದ್ವಾಂಸರೂ ಇದ್ದಾರೆ.

ತೊಂದರೆ ಇರುವುದು ಅದನ್ನು ನೋಡುವ ಬಗೆಯಲ್ಲಿ. ಗೇಟ್‌ವೇಯಲ್ಲಿ ಲಾಂಚಿನ ಸಾಲು, ಒಂದು ಗಂಟೆಯ ಪ್ರಯಾಣ, ಇಳಿದ ಮೇಲೆ ಉದ್ದನೆಯ ಧಕ್ಕೆ, ಬೇಕಾದವರಿಗೆ ಪುಟಾಣಿ ರೈಲು, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ಮೆಟ್ಟಿಲಿನ ಎರಡೂ ಬದಿ ಮಣಿಸರ, ಟೋಪಿ, ಕಲ್ಲಿನ ಆನೆ ಮಾರುವ ಅಂಗಡಿಗಳು, ತಲೆಯ ಮೇಲೆ ಟಾರ್ಪಾಲು. ಅಷ್ಟು ದಾಟಿ ಒಳಗೆ ಬಂದಾಗ ಒಂದೇ ಲಾಂಚಿನಲ್ಲಿ ಬಂದ ನೂರಾರು ಜನ ಒಂದೇ ವಿಗ್ರಹದ ಮುಂದೆ ಸೇರಿರುತ್ತಾರೆ. ಸೆಲ್ಫಿಗೆ ನಿಂತವರ ತಲೆಗಳ ಮೇಲಿಂದ ಸದಾಶಿವನನ್ನು ನೋಡಬೇಕು. ಅಷ್ಟರಲ್ಲಿ ಜೊತೆಯವರು ವಾಪಸು ಲಾಂಚ್ ಎಷ್ಟಕ್ಕೆ ಅಂತ ಗಡಿಯಾರ ನೋಡತೊಡಗುತ್ತಾರೆ. ಉಳಿದ ಫಲಕಗಳಲ್ಲಿ ಬಹುತೇಕವು ಸೊಂಟದಿಂದ ಕೆಳಗೆ ಒಡೆದುಹೋಗಿವೆ. ಶಿವಪಾರ್ವತಿಯರ ಕಲ್ಯಾಣದ ಫಲಕದಲ್ಲಿ ನಾಚಿ ತಲೆ ತಗ್ಗಿಸಿದ ಪಾರ್ವತಿಯನ್ನು ನೋಡಲು ಐದು ನಿಮಿಷ ನಿಂತವರನ್ನು ನಾನು ಅಲ್ಲಿ ಅಪರೂಪಕ್ಕೆ ಕಂಡಿದ್ದೇನೆ. ನಿಲ್ಲುವ ಮನಸ್ಸಿದ್ದವರಿಗೂ ನಿಲ್ಲುವುದಕ್ಕೆ ಆಗುವುದಿಲ್ಲ.

ಕಾನ್ಹೇರಿಯಲ್ಲಿ ಇದಕ್ಕೆ ತದ್ವಿರುದ್ಧ. ಬೊರಿವಲಿ ಸ್ಟೇಷನ್ನಿನ ಪೂರ್ವಕ್ಕೆ ಇಳಿದು ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿಗೆ ನಡೆದು ಹೋಗಬಹುದು. ಅಲ್ಲಿಂದ ಗುಹೆಯ ಬುಡದ ತನಕ ಕಾಡಿನ ನಡುವೆ ಆರೇಳು ಕಿಲೋಮೀಟರ್, ಉದ್ಯಾನದ ಬಸ್ಸಿದೆ. ಮೊದಲು ಸಿಗುವ ದೊಡ್ಡದು ಮೂರನೇ ಗುಹೆ, ಸಾತವಾಹನ ದೊರೆ ಯಜ್ಞಶ್ರೀ ಶಾತಕರ್ಣಿಯ ಕಾಲದ ಚೈತ್ಯ, ಅಂದರೆ ಬೌದ್ಧರ ಪ್ರಾರ್ಥನಾ ಮಂದಿರ. ಅದರ ಮುಖಮಂಟಪದ ಎರಡು ತುದಿಗಳಲ್ಲಿ ಎದುರುಬದುರು ನಿಂತ ಏಳು ಮೀಟರ್ ಎತ್ತರದ ಬುದ್ಧರು. ಒಳಗೆ ಕೆಲವು ಕಂಬಗಳಿಗೆ ಬುಡದಲ್ಲಿ ಕುಂಭ, ಮೇಲೆ ಆನೆಗಳು. ಉಳಿದವು ಬರೀ ಎಂಟು ಮೂಲೆಯ ಕಂಬಗಳಾಗಿಯೇ ನಿಂತಿವೆ, ಕೆಲಸ ಅರ್ಧಕ್ಕೆ ನಿಂತುಹೋಗಿದೆ. ಉಳಿ ಎಲ್ಲಿ ನಿಂತಿತು ಎಂಬುದನ್ನು ಬೆರಳಿಟ್ಟು ತೋರಿಸಬಹುದು. ಮಕ್ಕಳಿಗೆ ಇದು ಬಹಳ ಇಷ್ಟವಾಗುತ್ತದೆ.

ಹೆಚ್ಚಿನವರು ಇಲ್ಲಿಂದಲೇ ಹಿಂದಿರುಗುತ್ತಾರೆ. ದಯವಿಟ್ಟು ಮೇಲೆ ಹತ್ತಿ. ಗುಡ್ಡದ ಮೈಯಲ್ಲೇ ಕಡಿದ ಮೆಟ್ಟಿಲುಗಳು ನೂರಕ್ಕೂ ಹೆಚ್ಚು ಗುಹೆಗಳನ್ನು ಜೋಡಿಸುತ್ತವೆ. ಒಂದು ಅಂಗಳ, ಒಂದು ಜಗಲಿ, ಒಳಗೆ ಮಲಗಲು ಕಲ್ಲಿನ ಕಟ್ಟೆ, ಬಾಗಿಲ ಬದಿಗೆ ನೀರಿನ ತೊಟ್ಟಿ. ಭಿಕ್ಷುಗಳ ಮನೆ, ಅಂದರೆ ವಿಹಾರ, ಇಷ್ಟೇ. ಕ್ರಿಸ್ತಪೂರ್ವ 1ನೇ ಶತಮಾನದಿಂದ ಸಾವಿರ ವರ್ಷ ಇಲ್ಲಿ ಜನ ಇದ್ದರು. ಮಳೆಗಾಲದಲ್ಲಿ ಹೋದರೆ ಅದು ಹೇಗೆ ಸಾಧ್ಯವಾಯಿತು ಎಂದು ಕಣ್ಣಾರೆ ಕಾಣುತ್ತದೆ. ಬಂಡೆಯ ಮೇಲೆ ಬಿದ್ದ ನೀರು ಬೆರಳಗಲದ ಕಾಲುವೆಗೆ ಇಳಿದು, ಅಲ್ಲಿಂದ ಗೇಣಗಲದ ಕಾಲುವೆಗೆ ಸೇರಿ, ಜಗಲಿಗೆ ಒಂದು ಹನಿಯೂ ತಾಗದಂತೆ ತಿರುಗಿ ತೊಟ್ಟಿಗೆ ಬೀಳುತ್ತದೆ. ಕೆಳಗೆ ನಮ್ಮ ಸೊಸೈಟಿಗಳು ಮಾರ್ಚ್ ಬಂತೆಂದರೆ ಟ್ಯಾಂಕರ್ ತರಿಸುತ್ತವೆ. ಈ ತೊಟ್ಟಿಗಳ ಮುಂದೆ ನಾನು ಪ್ರತಿ ಸಲವೂ ಬಹಳ ಹೊತ್ತು ನಿಂತುಬಿಡುತ್ತೇನೆ.

ನಲವತ್ತೊಂದನೇ ಗುಹೆಯಲ್ಲಿ ಬೌದ್ಧರ ಕರುಣೆಯ ಬೋಧಿಸತ್ವನಾದ ಅವಲೋಕಿತೇಶ್ವರ ಹನ್ನೊಂದು ತಲೆಗಳೊಡನೆ ಇದ್ದಾನೆ. ಭಾರತದ ಗುಹೆಗಳಲ್ಲಿ ಇಂಥ ಮೂರ್ತಿ ಇದೊಂದೇ. ತೊಂಬತ್ತನೇ ಗುಹೆಯಲ್ಲಿ 1009 ಮತ್ತು 1021ರಲ್ಲಿ ನೋಡಲು ಬಂದ ಪಾರ್ಸಿಗಳು ಪಹ್ಲವಿ ಲಿಪಿಯಲ್ಲಿ ತಮ್ಮ ಹೆಸರು ಕೊರೆದಿದ್ದಾರೆ. ಕನ್ನಡಿಗರಿಗೆ ಇದಕ್ಕಿಂತ ಹತ್ತಿರದ್ದು 9ನೇ ಶತಮಾನದ ಶಾಸನಗಳು. ಮಾನ್ಯಖೇಟದ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗ ಅವನ ಸಾಮಂತರಾದ ಶಿಲಾಹಾರರ ಕಾಲದಲ್ಲಿ ಕೊರೆದವು ಇವು. ಭಿಕ್ಷುಗಳ ಬಟ್ಟೆಗೆ, ಪುಸ್ತಕಕ್ಕೆ, ವಿಹಾರದ ದುರಸ್ತಿಗೆ ಹಣ ಬಿಟ್ಟ ದಾನಗಳು. ಕಲಬುರಗಿ ಕಡೆಯ ನೆಂಟರಿಗೆ ನಿಮ್ಮ ಮಳಖೇಡದ ದೊರೆಯ ಹೆಸರು ಬೊರಿವಲಿಯ ಬಂಡೆಯ ಮೇಲಿದೆ ಎಂದರೆ ಮೊದಲು ನಂಬುವುದಿಲ್ಲ, ಆಮೇಲೆ ಬಂಡೆಯ ಹತ್ತಿರ ಹೋಗಿ ಕೈಯಿಟ್ಟು ನೋಡುತ್ತಾರೆ.

ಕೊರತೆಗಳೂ ಇವೆ. ಮೇಲಿನ ಗುಹೆಗಳ ಹತ್ತಿರ ವಿವರಣೆಯ ಫಲಕಗಳು ಸಾಲದು, ಬಿಸಿಲು ಕಾಲದಲ್ಲಿ ಬಂಡೆ ಕಾದು ಕಾಲಿಡಲು ಆಗುವುದಿಲ್ಲ, ಭಾನುವಾರ ಬಸ್ಸಿಗೆ ತುಂಬಾ ಹೊತ್ತು ಕಾಯಬೇಕು. ಮಂಗಗಳಿಗೆ ತಿಂಡಿಯ ಚೀಲ ಕಾಣಿಸಬಾರದು, ಅಷ್ಟೇ. ಆದರೆ ಹತ್ತು ನಿಮಿಷ ಹತ್ತಿದರೆ ಗದ್ದಲ ಹಿಂದೆ ಉಳಿದು, ನಿಮ್ಮ ಪಾಲಿಗೆ ಒಂದು ಇಡೀ ವಿಹಾರ ಸಿಗುತ್ತದೆ. ಮುಂಬಯಿಯಲ್ಲಿ ಬೇರೆ ಎಲ್ಲಿ ಇದು ಸಿಗುತ್ತದೆ?

ಕಾರ್ಲಾ ಮತ್ತು ಭಾಜೆ ಎರಡಕ್ಕೂ ಇಳಿಯುವ ಸ್ಟೇಷನ್ ಮಳವಲಿ, ಲೋಣಾವಳ ದಾಟಿ ಪುಣೆಯ ಲೋಕಲ್‌ನಲ್ಲಿ ಮೊದಲನೆಯದು. ಹಳಿಯ ಉತ್ತರಕ್ಕೆ ಕಾರ್ಲಾ, ದಕ್ಷಿಣಕ್ಕೆ ಭಾಜೆ. ಬಲ್ಲವರೆಲ್ಲ ನನಗೆ ಭಾಜೆಗೆ ಹೋಗು, ಕಾರ್ಲಾದಲ್ಲಿ ಬರೀ ಜಂಗುಳಿ ಅಂತ ಹೇಳಿದ್ದರು. ಜಂಗುಳಿ ನಿಜ. ಚೈತ್ಯದ ಬಾಗಿಲಿಗೆ ತಾಗಿಯೇ ಏಕವೀರಾ ದೇವಿಯ ಗುಡಿಯಿದೆ. ಮೀನುಗಾರ ಕೋಲಿ ಸಮುದಾಯದವರು, ಆಗ್ರಿ ಸಮುದಾಯದವರು ಕುಲದೇವಿಯೆಂದು ನಡೆದುಕೊಳ್ಳುತ್ತಾರೆ. ಚೈತ್ರದ ಜಾತ್ರೆಯಲ್ಲಿ, ನವರಾತ್ರಿಯಲ್ಲಿ ಮೆಟ್ಟಿಲು ಕಾಣುವುದೇ ಇಲ್ಲ. ಆದರೆ ಆ ಜನ ಬರುವುದು ದೇವಿಗೆ. ದರ್ಶನದ ಸಾಲು ಗುಡಿಯ ಕಡೆ ತಿರುಗುತ್ತದೆ, ಪಕ್ಕದ ಚೈತ್ಯದೊಳಗೆ ಬೆರಳೆಣಿಕೆಯ ಮಂದಿ. ಎಲಿಫೆಂಟಾದಲ್ಲಿ ನನಗೆ ಸಿಗದೇ ಹೋದ ಬಿಡುವು ಇಷ್ಟು ಗದ್ದಲದ ನಡುವೆ ಕಾರ್ಲಾದಲ್ಲಿ ಸಿಕ್ಕಿತು.

ಒಳಗೆ ಹೋದ ಮೇಲೆ ಮಾತು ತಾನಾಗಿ ನಿಲ್ಲುತ್ತದೆ. ದೇಶದಲ್ಲೇ ಅತಿ ದೊಡ್ಡ ಬಂಡೆ ಕೊರೆದ ಚೈತ್ಯ ಇದು, ಉದ್ದ ಸುಮಾರು 38 ಮೀಟರ್, ಎತ್ತರ 14 ಮೀಟರ್. ಸಾಲುಕಂಬಗಳ ತಲೆಯ ಮೇಲೆ ಮಂಡಿಯೂರಿದ ಆನೆಗಳು, ಅವುಗಳ ಮೇಲೆ ಕುಳಿತ ಗಂಡು ಹೆಣ್ಣು. ತಲೆ ಎತ್ತಿದರೆ ಕಮಾನಿನ ಉದ್ದಕ್ಕೂ ಬಾಗಿದ ತೇಗದ ತೊಲೆಗಳು, ಸ್ತೂಪದ ಮೇಲೆ ಮರದ ಛತ್ರಿ. ಎರಡು ಸಾವಿರ ವರ್ಷದ ಹಳೆಯ ಮರ ಅದು. ಲೋಣಾವಳದ ಮಳೆ ಎಂಥದ್ದು ಎಂದು ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ಕಂಬಗಳಲ್ಲೆಲ್ಲ ಹಣ ಕೊಟ್ಟವರ ಹೆಸರುಗಳು, ಧೇನುಕಾಕಟ ಎಂಬ ಊರಿನ ಯವನರದ್ದೂ (ಗ್ರೀಕ್ ಮೂಲದವರು) ಸೇರಿ. ಬಾಗಿಲ ಗೋಡೆಯ ಕಡೆ ಇರುವ ಶಾಸನವೊಂದು ಇಡೀ ಜಂಬೂದ್ವೀಪದಲ್ಲೇ ಉತ್ತಮವಾದ ಈ ಶೈಲಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಪೂರ್ತಿ ಮಾಡಿಸಿದ ಎನ್ನುತ್ತದೆ. ವೈಜಯಂತಿ ಎಂದರೆ ನಮ್ಮ ಬನವಾಸಿ. ಶಿರಸಿಯಿಂದ ಬಂದಿದ್ದ ಚಿಕ್ಕಪ್ಪನಿಗೆ ಇದನ್ನು ಹೇಳಿದಾಗ, "ಹಂಗಾದ್ರೆ ಇದು ನಮ್ಮೂರ ಕಡೆಯವರು ಕಟ್ಸಿದ್ದು ಅನ್ನು," ಅಂತ ಅಲ್ಲೇ ಕೂತುಬಿಟ್ಟರು. ವರದಾ ನದಿಯ ದಂಡೆಯ ವ್ಯಾಪಾರಿಯೊಬ್ಬ ಇಷ್ಟು ದೂರ ಬಂದು ಹಣ ಸುರಿದ ಎಂಬುದನ್ನು ಶಾಲೆಯಲ್ಲಿ ಯಾರೂ ನಮಗೆ ಹೇಳಲಿಲ್ಲ. ಮುಂಬಯಿ, ಪುಣೆಯ ಪ್ರತಿಯೊಬ್ಬ ಕನ್ನಡಿಗನೂ ಒಮ್ಮೆ ಆ ಗೋಡೆಯ ಮುಂದೆ ನಿಲ್ಲಬೇಕು.

ಭಾಜೆ ಕಾರ್ಲಾಕ್ಕಿಂತ ಹಳೆಯದು, ಕ್ರಿಸ್ತಪೂರ್ವ 2ನೇ ಶತಮಾನದ್ದು. ಮುಂದಿನ ಮರದ ಗೋಡೆ ಹೋಗಿರುವುದರಿಂದ ಚೈತ್ಯ ಪೂರ್ತಿ ತೆರೆದುಕೊಂಡಿದೆ. ಮರದ ಕಟ್ಟಡದ ಅಭ್ಯಾಸ ಬಿಡದ ಕೈಗಳು ಕಲ್ಲಿನ ಕಂಬಗಳನ್ನೂ ಒಳಕ್ಕೆ ವಾಲಿಸಿ ಕಡಿದಿವೆ. ಪಕ್ಕದಲ್ಲಿ ಹದಿನಾಲ್ಕು ಸ್ತೂಪಗಳು ಒತ್ತೊತ್ತಾಗಿ ನಿಂತಿವೆ, ತುದಿಯ ವಿಹಾರದಲ್ಲಿ ರಥವೇರಿದ ಸೂರ್ಯ, ಆನೆಯೇರಿದ ಇಂದ್ರ. ಚಳಿಗಾಲದ ವಾರದ ದಿನದಲ್ಲಿ ಸೊಗಸಾಗಿದೆ. ಮಳೆಗಾಲದ ಶನಿವಾರ ಭಾನುವಾರ ಮಾತ್ರ ಬೇಡ. ಕೆಳಗಿನ ಜಲಪಾತಕ್ಕೆ ಬಂದ ಗುಂಪುಗಳ ಸ್ಪೀಕರ್ ಸದ್ದು ಗುಹೆಯೊಳಕ್ಕೂ ಬರುತ್ತದೆ, ದಾರಿಯಲ್ಲಿ ಗಾಡಿಗಳು ಕದಲುವುದಿಲ್ಲ. ಶಾಂತವಾಗಿರುತ್ತದೆ ಎಂದು ನಂಬಿ ಹೋದವರಿಗೆ ಅದು ದೊಡ್ಡ ನಿರಾಸೆ.

ಮಂಡಿನೋವಿನವರಿಗೆ ನಾಲ್ಕರಲ್ಲಿ ಎಲಿಫೆಂಟಾವೇ ಸುಲಭ. ಪುಟಾಣಿ ರೈಲಿದೆ, ಮೆಟ್ಟಿಲಿಗೆ ಡೋಲಿಯವರು ಸಿಗುತ್ತಾರೆ. ಅಂಥವರಿದ್ದರೆ ಬೆಳಗಿನ ಮೊದಲ ಲಾಂಚ್ ಹಿಡಿಯಿರಿ, ಮಿಕ್ಕ ಲಾಂಚುಗಳು ಬರುವ ಮೊದಲು ನೇರ ಸದಾಶಿವನ ಮುಂದೆ ನಿಲ್ಲಿ, ಅಂಗಡಿಗಳನ್ನು ವಾಪಸು ಬರುವಾಗ ನೋಡಿದರಾಯಿತು. ಕಾನ್ಹೇರಿಯಲ್ಲಿ ಅವರು ಮೂರನೇ ಗುಹೆಯ ತನಕ ಬರಬಹುದು, ಮೇಲಿನದು ಕಷ್ಟ. ಎಲಿಫೆಂಟಾಕ್ಕೂ ನ್ಯಾಷನಲ್ ಪಾರ್ಕಿಗೂ ಸೋಮವಾರ ರಜೆ. ಕಡಲು ಜೋರಾಗಿದ್ದ ದಿನ ಲಾಂಚ್ ಬಿಡುವುದಿಲ್ಲ, ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬರುವ ನೆಂಟರಿಗೆ ನಾನು ಯೋಚನೆಯೇ ಮಾಡದೆ ಬೊರಿವಲಿಯ ಟಿಕೆಟ್ ತೆಗೆಯುತ್ತೇನೆ.